ಆಂಜಿಯೋಗ್ರಾಂ ಮಾಡಿಸುವವರಿಗೆ: ಹೃದಯವನ್ನು ಡಾಕ್ಟರ್ ನೋಡ್ತಾರೆ, ಕೈಯ ತೂತನ್ನು ನೀವು ನೋಡಿಕೊಳ್ಳಿ

ಆಂಜಿಯೋಗ್ರಾಂ ಅಂದರೆ ಕೈಯಿಂದಲೋ ತೊಡೆಸಂದಿನಿಂದಲೋ ಟ್ಯೂಬು ಬಿಟ್ಟು, ಹೃದಯದ ರಕ್ತನಾಳಕ್ಕೆ ಡೈ ಹಾಕಿ, ಬ್ಲಾಕ್ ಇದೆಯಾ ಅಂತ ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ. ಅದು ಮುಗಿದು ಪೇಷೆಂಟ್ ಹೊರಗೆ ಬಂದ ತಕ್ಷಣ ಮನೆಯವರು ಕೇಳುವ ಪ್ರಶ್ನೆ ಒಂದೇ. 'ಬ್ಲಾಕ್ ಎಷ್ಟು ಪರ್ಸೆಂಟ್ ಇದೆ?' ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾತ್ ಲ್ಯಾಬಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಟೆಕ್ನಿಷಿಯನ್ ಆಗಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ, 'ಕೈಯಲ್ಲಿ ಮಾಡಿದ ತೂತನ್ನು ಹೇಗೆ ನೋಡಿಕೊಳ್ಳಬೇಕು' ಅಂತ ತಾವಾಗಿ ಕೇಳಿದವರು ಬೆರಳೆಣಿಕೆಯಷ್ಟು ಜನ. ಆದರೆ ರಾತ್ರಿ ಹನ್ನೊಂದಕ್ಕೆ ನೆಂಟರು, ನೆಂಟರ ನೆಂಟರು ನನಗೆ ಫೋನ್ ಮಾಡೋದು ಆ ತೂತಿನ ವಿಷಯಕ್ಕೇ. ಊದಿದೆ, ನೀಲಿ ಆಗಿದೆ, ರಕ್ತ ಜಿನುಗ್ತಿದೆ, ಏನು ಮಾಡೋದು. ಪದೇ ಪದೇ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೇಳಿ.

ಮೊದಲು ಆ ತೂತಿನೊಳಗೆ ಏನು ಹೋಗುತ್ತೆ ಅಂತ ತಿಳಿದುಕೊಳ್ಳಿ, ಅರ್ಧ ಭಯ ಅಲ್ಲೇ ಹೋಗುತ್ತೆ. ಅದರ ಹೆಸರು ಶೀತ್. ಪೆನ್ನಿನ ರೀಫಿಲ್ ದಪ್ಪದ, ಅರ್ಧ ಗೇಣು ಉದ್ದದ ಮೆತ್ತನೆ ಪ್ಲಾಸ್ಟಿಕ್ ಕೊಳವೆ. ಹೃದಯದ ತನಕ ಹೋಗೋದು ಇದಲ್ಲ. ಹೃದಯದ ತನಕ ಹೋಗೋದು ಕ್ಯಾತೆಟರ್ ಅನ್ನೋ ಉದ್ದನೆಯ ಟ್ಯೂಬು, ಶೀತ್ ಬರೀ ಅದಕ್ಕೆ ಬಾಗಿಲು. ಹೃದಯದ ಎಡಗಡೆ ರಕ್ತನಾಳಕ್ಕೆ ಒಂದು ಆಕಾರದ ಕ್ಯಾತೆಟರ್, ಬಲಗಡೆಗೆ ಇನ್ನೊಂದು, ಸ್ಟೆಂಟ್ (ಬ್ಲಾಕ್ ಆದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಬೇಕಾದರೆ ಮತ್ತೊಂದು, ಹೀಗೆ ಎರಡು ಮೂರು ಸಲ ಬದಲಾಯಿಸಬೇಕಾಗಬಹುದು. ಪ್ರತಿ ಸಲವೂ ನೇರವಾಗಿ ರಕ್ತನಾಳದ ಗೋಡೆ ಉಜ್ಜಿಕೊಂಡು ಹೋಗಿ ಬಂದರೆ ಆ ನಾಳ ಹರಿದೇ ಹೋಗುತ್ತೆ, ಅಲ್ವಾ? ಅದಕ್ಕೆ ಶೀತ್. ಅದರ ಹಿಂದಿನ ತುದಿಯಲ್ಲಿ ಒಂದು ರಬ್ಬರ್ ಬಿಲ್ಲೆ ಇರುತ್ತೆ, ಮಧ್ಯೆ ಸೀಳಿರುತ್ತೆ. ಎಸಿ ಅಂಗಡಿ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿ ನೇತುಹಾಕಿರ್ತಾರಲ್ಲ, ನಾವು ತಳ್ಳಿಕೊಂಡು ಹೋದ ಮೇಲೆ ಹಿಂದೆ ತಾನೇ ಮುಚ್ಚಿಕೊಳ್ಳುತ್ತೆ, ಹಾಗೇ ಇದೂ. ಕ್ಯಾತೆಟರ್ ಒಳಗೆ ಹೋಗುತ್ತೆ, ರಕ್ತ ಹೊರಗೆ ಚಿಮ್ಮಲ್ಲ. ಪಕ್ಕದಲ್ಲಿ ಒಂದು ಸಣ್ಣ ಟ್ಯೂಬು, ಅದರ ತುದಿಯಲ್ಲಿ ನಲ್ಲಿ. ಔಷಧಿ ಕೊಡೋದು ಅಲ್ಲಿಂದ.

ಹಾಕುವ ವಿಧಾನ ಸ್ವೀಡನ್ನಿನ ಸೆಲ್ಡಿಂಗರ್ ಅನ್ನೋ ಡಾಕ್ಟರ್ 1953ರಲ್ಲಿ ಬರೆದು ತಿಳಿಸಿದ್ದು. ಇವತ್ತಿಗೂ ಮೂಲತಃ ಅದೇ. ತೆಳ್ಳನೆ ಸೂಜಿ ಚುಚ್ಚೋದು, ರಕ್ತ ಕಂಡರೆ ಸೂಜಿಯೊಳಗಿಂದ ತಂತಿ ಬಿಡೋದು, ಸೂಜಿ ತೆಗೆಯೋದು, ದಾರಕ್ಕೆ ಮಣಿ ಪೋಣಿಸಿದ ಹಾಗೆ ಆ ತಂತಿಯ ಮೇಲೆ ಶೀತನ್ನು ಒಳಗೆ ಜಾರಿಸೋದು. ಶೀತಿನೊಳಗೆ ಪೆನ್ಸಿಲ್ ತುದಿಯ ಹಾಗೆ ಚೂಪಾದ ಇನ್ನೊಂದು ಕೊಳವೆ ಇರುತ್ತೆ, ದಾರಿ ಅಗಲ ಮಾಡೋದು ಅದು. ಆಮೇಲೆ ಅದನ್ನೂ ತಂತಿಯನ್ನೂ ಎಳೆದುಕೊಂಡರೆ ಬಾಗಿಲು ರೆಡಿ. ಕೈ ಪಳಗಿದ ಡಾಕ್ಟರಿಗೆ ಒಂದೆರಡು ನಿಮಿಷದ ಕೆಲಸ.

ಅಳತೆ ಫ್ರೆಂಚ್ ಅನ್ನೋ ಲೆಕ್ಕದಲ್ಲಿ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಕೈಗೆ ಸಾಮಾನ್ಯವಾಗಿ 5 ಅಥವಾ 6 ಫ್ರೆಂಚ್ ಹಾಕ್ತಾರೆ. 6 ಅಂದರೆ ಒಳಗಿನ ಅಗಲ 2 ಮಿ.ಮೀ. ಶೀತಿನ ಗೋಡೆ ದಪ್ಪವೂ ಸೇರಿ ಹೊರಗಿನ ಅಳತೆ ಸುಮಾರು ಎರಡೂವರೆ ಮಿ.ಮೀ. ಆಗುತ್ತೆ. ಮಣಿಕಟ್ಟಿನಲ್ಲಿ ನಾಡಿ ನೋಡುವ ರಕ್ತನಾಳ ಇರೋದೇ ಎರಡರಿಂದ ಮೂರು ಮಿ.ಮೀ. ಬಿಗಿಯಾಗಿ ಕೂರುತ್ತೆ ಅಂತಾಯ್ತು. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಅರ್ಧ ವಿಷಯ ಇದರಿಂದಲೇ ಬರೋದು.

ಹೋಗುವ ಮುಂಚೆ

ಕೈಯಲ್ಲಿರುವ ಉಂಗುರ, ಬಳೆ, ವಾಚು, ಕಡಗ ಎಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಆಮೇಲೆ ದೇವರ ದಾರ. ಧರ್ಮಸ್ಥಳದ್ದು, ತಿರುಪತಿದ್ದು, ಇನ್ಯಾವುದೋ ಹರಕೆದ್ದು ಅಂತ ಮಣಿಕಟ್ಟಿನಲ್ಲಿ ನಾಲ್ಕು ಸುತ್ತು ಇರುತ್ತೆ, ಚುಚ್ಚುವ ಜಾಗದ ಮೇಲೇ. ಟೇಬಲ್ ಮೇಲೆ ಮಲಗಿದ ಮೇಲೆ 'ಕತ್ತರಿಸಬೇಡಿ' ಅಂತ ಅತ್ತವರನ್ನು ನೋಡಿದ್ದೇನೆ. ಮನೆಯಲ್ಲೇ ನಿಧಾನವಾಗಿ ಬಿಚ್ಚಿ ದೇವರ ಮುಂದೆ ಇಟ್ಟು ಬನ್ನಿ, ವಾಪಸ್ ಹೋಗಿ ಇನ್ನೊಂದು ಕೈಗೆ ಕಟ್ಟಿಕೊಳ್ಳಿ.

ಡಾಕ್ಟರಿಗೆ ಕೇಳದಿದ್ದರೂ ಹೇಳಬೇಕಾದ್ದು ಕೆಲವಿವೆ. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ಎರಡು ರಕ್ತನಾಳ ಸೇರಿಸಿ ಹೊಲಿಯೋದು) ಮಾಡಿಸಿದ್ದರೆ ಅಥವಾ ಮುಂದೆ ಮಾಡಿಸಬೇಕಾಗಬಹುದು ಅಂದಿದ್ದರೆ ಅದು. ಹಿಂದೆ ಬೈಪಾಸ್ ಆಗಿದ್ದರೆ ಅದು, ಯಾಕಂದರೆ ಆಗ ಎಡಗೈಯಿಂದ ಹೋಗೋದು ಅನುಕೂಲ ಆಗಬಹುದು, ಕೆಲವರಿಗೆ ಕೈಯ ರಕ್ತನಾಳವನ್ನೇ ತೆಗೆದು ಬೈಪಾಸಿಗೆ ಬಳಸಿರ್ತಾರೆ ಕೂಡ. ಹಿಂದೆ ಡೈ ಇಂಜೆಕ್ಷನ್ ಕೊಟ್ಟಾಗ ಮೈ ಕಡಿತ, ಉಸಿರಾಟದ ತೊಂದರೆ ಆಗಿತ್ತೇ ಅಂತ. ಕಿಡ್ನಿ ರಿಪೋರ್ಟು. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಯಾವತ್ತಿಂದ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಅಂತ ಅವರನ್ನೇ ಕೇಳಿ.

ರಕ್ತ ತೆಳು ಮಾಡುವ ಮಾತ್ರೆ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ ರೀತಿಯದ್ದು. 'ಹೇಗೂ ಚುಚ್ತಾರಲ್ಲ, ರಕ್ತ ಜಾಸ್ತಿ ಹೋಗಬಾರದು' ಅಂತ ಎಕೋಸ್ಪ್ರಿನ್, ಕ್ಲೊಪಿಡೋಗ್ರೆಲ್ ತಾವೇ ನಿಲ್ಲಿಸಿಬಿಡ್ತಾರೆ. ಹಾಗೆ ಮಾಡಬೇಡಿ. ಅದರಲ್ಲೂ ಈಗಾಗಲೇ ಸ್ಟೆಂಟ್ ಇದ್ದವರು ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು. ವಾರ್ಫರಿನ್, ಅಸಿಟ್ರಾಂ ತರಹದ ಮಾತ್ರೆಗಳ ಲೆಕ್ಕ ಬೇರೆ, ಅದಕ್ಕೂ ಡಾಕ್ಟರನ್ನೇ ಕೇಳಿ.

ಟೇಬಲ್ ಮೇಲೆ

ಎಚ್ಚರವಾಗೇ ಇರ್ತೀರಿ. ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಕೆಂಜಿಗ ಕಚ್ಚಿದ ಹಾಗೆ ಚುರುಕ್ ಅನ್ನುತ್ತೆ. ಶೀತ್ ಕೂತ ಮೇಲೆ ಪಕ್ಕದ ನಲ್ಲಿಯಿಂದ ರಕ್ತನಾಳ ಸಡಿಲ ಆಗುವ ಔಷಧಿ ಕೊಡ್ತಾರೆ, ಆಗ ಮೊಣಕೈ ತನಕ ಉರಿ ಏರಬಹುದು. ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ಗಾಬರಿ ಬೇಡ.

ಬಿಗಿಯಾಗಿ ಕೂರುತ್ತೆ ಅಂದೆನಲ್ಲ. ಹೆದರಿ ಕೈ ಬಿಗಿ ಮಾಡಿದರೆ ರಕ್ತನಾಳ ಇನ್ನೂ ಹಿಡಿದುಕೊಳ್ಳುತ್ತೆ, ಆಗ ಶೀತ್ ಒಳಗೆ ಹೋಗೋದೂ ಕಷ್ಟ, ಹೊರಗೆ ಎಳೆಯೋದೂ ಕಷ್ಟ. ಇದು ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಜಾಸ್ತಿ. ಮುಷ್ಟಿ ಬಿಡಿ, ಬಾಯಿಂದ ನಿಧಾನವಾಗಿ ಉಸಿರು ಬಿಡಿ, ಚಳಿ ಆಗ್ತಿದ್ದರೆ ಕಂಬಳಿ ಕೇಳಿ. ನೋವಾದರೆ ಬಾಯಿಬಿಟ್ಟು ಹೇಳಿ. ನಮ್ಮ ಕಡೆ ಗಂಡಸರು ಹಲ್ಲು ಕಚ್ಚಿಕೊಂಡು ಸುಮ್ನೆ ಮಲಗಿರ್ತಾರೆ. ನೀವು ಹೇಳಿದರೆ ಇನ್ನೊಂದು ಡೋಸ್ ಔಷಧಿ ಕೊಡ್ತಾರೆ, ಹೇಳದಿದ್ದರೆ ನಮಗೆ ಗೊತ್ತಾಗೋದು ಹೇಗೆ?

ವಾರ್ಡಿನಲ್ಲಿ

ಕೈಯಿಂದ ಮಾಡಿದ್ದರೆ ಶೀತನ್ನು ಸಾಮಾನ್ಯವಾಗಿ ಅಲ್ಲೇ ತೆಗೆದು, ಗಾಳಿ ತುಂಬುವ ಪಾರದರ್ಶಕ ಪಟ್ಟಿ ಕಟ್ತಾರೆ. ಅದರ ಗಾಳಿಯನ್ನು ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ, ಎರಡು ಮೂರು ಗಂಟೆ ಹಿಡಿಯಬಹುದು. 'ತುಂಬಾ ಬಿಗಿ ಆಯ್ತು' ಅಂತ ಅಟೆಂಡರ್ ಆಗಿ ಬಂದ ಮಗನೋ ಭಾವಮೈದುನನೋ ಸಡಿಲ ಮಾಡಲು ಹೋಗಬಾರದು. ಸಿಸ್ಟರ್‌ನ ಕರೆಯಿರಿ. ಬೆರಳು ಸ್ವಲ್ಪ ಊದಿ ಜುಮ್ ಅನ್ನೋದು ಇರುತ್ತೆ. ಬೆರಳು ತಣ್ಣಗಾಗಿ ಬಿಳುಚಿಕೊಂಡರೆ, ಕಡು ನೀಲಿಯಾದರೆ, ಸ್ಪರ್ಶವೇ ಗೊತ್ತಾಗದಿದ್ದರೆ ಆ ಕ್ಷಣವೇ ಹೇಳಿ. ಬೆರಳು ಆಡಿಸ್ತಾ ಇರಿ, ಮಣಿಕಟ್ಟು ಮಡಚಬೇಡಿ. ಎದ್ದೇಳುವಾಗ ಆ ಕೈ ಊರಬೇಡಿ. ಇದನ್ನು ಮಾತ್ರ ಎಲ್ಲರೂ ಮರೀತಾರೆ.

ತೊಡೆಸಂದಿನಿಂದ ಮಾಡಿದ್ದರೆ ಕಥೆ ಬೇರೆ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಹೆಪಾರಿನ್ ಇಳಿಯುವ ತನಕ ಕೆಲವೊಮ್ಮೆ ಶೀತ್ ಅಲ್ಲೇ ಬಿಟ್ಟಿರ್ತಾರೆ. ತೆಗೆದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಕೈಯಲ್ಲಿ ಒತ್ತಿ ಹಿಡೀತಾರೆ, ಆಗ ತಲೆ ತಿರುಗಿದ ಹಾಗೆ, ಬೆವರಿದ ಹಾಗೆ ಆದರೆ ಹೇಳಿ, ಬಿಪಿ ಇಳಿದಿರಬಹುದು. ಆಮೇಲೆ ನಾಲ್ಕರಿಂದ ಆರು ಗಂಟೆ ಕಾಲು ನೇರ ಚಾಚಿ ಮಲಗಬೇಕು. ತಲೆ ಎತ್ತಿ ಕಾಫಿ ಕುಡಿಯೋದೂ ಬೇಡ, ತಲೆ ಎತ್ತಿದರೆ ಹೊಟ್ಟೆ ಬಿಗಿಯುತ್ತೆ, ತೂತಿನ ಮೇಲೆ ಒತ್ತಡ ಬೀಳುತ್ತೆ. ಸ್ಟ್ರಾ ಇಟ್ಟುಕೊಂಡಿರಿ. ಕೆಮ್ಮು, ಸೀನು ಬಂದರೆ ಆ ಜಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ಕೆಮ್ಮಿ. ಮಲಗಿಕೊಂಡೇ ಮೂತ್ರ ಮಾಡೋದು ಅನೇಕರಿಗೆ ಆಗೋದೇ ಇಲ್ಲ, ಹಿಂದಿನ ರಾತ್ರಿ ಒಂದು ಸಲ ಪ್ರಯತ್ನ ಮಾಡಿ ನೋಡಿ. ನಗಬೇಡಿ, ಇದು ನಿಜವಾಗಿ ಉಪಯೋಗಕ್ಕೆ ಬರುವ ಸಲಹೆ.

ಮನೆಗೆ ಬಂದ ಮೇಲೆ

ನಮ್ಮ ಮಾವನ ವಿಷಯ ಹೇಳ್ತೀನಿ. ಮನೆ ವಿಜಯನಗರದಲ್ಲಿ. ಬಲಗೈಯಿಂದ ಆಂಜಿಯೋಗ್ರಾಂ ಆಗಿತ್ತು, ರಿಪೋರ್ಟು ಪರವಾಗಿಲ್ಲ, ಮಾತ್ರೆಯಲ್ಲೇ ನೋಡೋಣ ಅಂದಿದ್ದರು. ಮೂರನೇ ದಿನ ಬೆಳಿಗ್ಗೆ ಕುಡಿಯುವ ನೀರಿನ ಕ್ಯಾನ್ ಬಂತು, ಹುಡುಗ ಬಾಗಿಲಲ್ಲಿ ಇಟ್ಟು ಹೋದ. ಇಪ್ಪತ್ತು ಲೀಟರ್. ಇವರು ಅದನ್ನು ಎತ್ತಿ, ತಲೆಕೆಳಗು ಮಾಡಿ, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಅರ್ಧ ಗಂಟೆಗೆ ಮಣಿಕಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಊತ. ನನಗೆ ಫೋನ್ ಬರುವ ಹೊತ್ತಿಗೆ ಅತ್ತೆ ಕಾಫಿಪುಡಿ ಮೆತ್ತಿ, ಮೇಲೆ ಟವಲ್ ಸುತ್ತಿ, ಅದರ ಮೇಲೆ ಇನ್ನೊಂದು ಟವಲ್ ಸುತ್ತಿ ಆಗಿತ್ತು. ಒಳಗೆ ಊತ ಬೆಳೀತಿದೆಯೋ ಇಲ್ಲವೋ ನೋಡಲು ಯಾರಿಗೂ ಸಾಧ್ಯ ಇಲ್ಲ. ಎಲ್ಲ ಬಿಚ್ಚಿಸಿ, ಎರಡು ಬೆರಳಲ್ಲಿ ಒತ್ತಿ ಹಿಡಿಸಿ, ಹಾಗೇ ಆಸ್ಪತ್ರೆಗೆ ಕರೆಸಿದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ಪುಣ್ಯಕ್ಕೆ ರಕ್ತ ಗಂಟು ಕಟ್ಟಿದ್ದು ಅಷ್ಟೇ, ಒತ್ತಿ ಕಟ್ಟಿ ಕಳಿಸಿದರು. ನಾನು ಕ್ಯಾತ್ ಲ್ಯಾಬಿನವನಾಗಿ 'ಭಾರ ಎತ್ತಬೇಡಿ' ಅಂದಿದ್ದೆ, 'ನೀರಿನ ಕ್ಯಾನ್ ಎತ್ತಬೇಡಿ' ಅಂದಿರಲಿಲ್ಲ. ಅವರ ಲೆಕ್ಕದಲ್ಲಿ ಭಾರ ಅಂದರೆ ಅಕ್ಕಿ ಮೂಟೆ.

ಅದಕ್ಕೆ ಬಿಡಿಸಿಯೇ ಹೇಳ್ತೀನಿ. ಸುಮಾರು ಒಂದು ವಾರ ಆ ಕೈಯಲ್ಲಿ ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್, ತುಂಬಿದ ಬಕೆಟ್, ಮೊಮ್ಮಗು ಯಾವುದೂ ಬೇಡ. ಮುದ್ದೆ ತಿರುವೋದು, ಚಪಾತಿ ಹಿಟ್ಟು ನಾದೋದು, ಬಟ್ಟೆ ಹಿಂಡೋದು ಬೇಡ. ಸ್ಕೂಟರ್ ಕೂಡ ಬೇಡ. ಆಕ್ಸಿಲರೇಟರ್ ಇರೋದು ಬಲಗೈಯಲ್ಲಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಲ್ಲಿ ಒಂದು ಗಂಟೆ ಆ ಮಣಿಕಟ್ಟು ತಿರುಗ್ತಾನೇ ಇರುತ್ತೆ. ತೊಡೆಸಂದಿನವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕೋದು, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂರೋದು ಕೆಲವು ದಿನ ಬೇಡ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಮೊದಲೇ ತಂದಿಡಿ. ಕೋಲಾರ, ತುಮಕೂರು, ಮಂಡ್ಯ ಕಡೆಯಿಂದ ಬಂದು ಅದೇ ದಿನ ಬಸ್ಸಲ್ಲಿ ವಾಪಸ್ ಹೋಗುವವರು ತುಂಬಾ ಜನ. ತೊಡೆಯಿಂದ ಮಾಡಿದ್ದರೆ ಆವತ್ತು ರಾತ್ರಿ ಇಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಳ್ಳೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಪಟ್ಟಿ ಸಾಮಾನ್ಯವಾಗಿ ಮಾರನೇ ದಿನ ತೆಗೀಬಹುದು. ಸ್ನಾನ ಮಾಡಿ, ಮೆಲ್ಲಗೆ ಒರೆಸಿ ಒಣಗಿಸಿ. ಪಾತ್ರೆ ತೊಳೆಯೋದು, ಈಜೋದು ಅಂತ ನೀರಲ್ಲಿ ನೆನೆಸಬೇಡಿ. ಅರಿಶಿನ, ಕಾಫಿಪುಡಿ, ಪೌಡರ್ ಏನೂ ಹಚ್ಚಬೇಡಿ. ಚರ್ಮ ನೀಲಿಯಾಗಿ, ಆಮೇಲೆ ಹಸಿರು ಹಳದಿ ಬಣ್ಣಕ್ಕೆ ತಿರುಗಿ ಕೆಳಗೆ ಇಳಿಯೋದು ಮಾಮೂಲು. ಬಟಾಣಿ ಕಾಳಿನಷ್ಟು ಗಂಟೂ ಇರಬಹುದು. ಆದರೆ ಆ ಗಂಟು ದೊಡ್ಡದಾಗ್ತಾ ಇದ್ದರೆ, ಬೆರಳಿಟ್ಟರೆ ನಾಡಿಯ ಹಾಗೆ ಬಡಿದರೆ, ಬೆಳಗಾಗುವ ತನಕ ಕಾಯಬೇಡಿ. ರಕ್ತನಾಳದ ತೂತು ಮುಚ್ಚದೆ ಹೊರಗೆ ರಕ್ತದ ಚೀಲ ಕಟ್ಟಿರಬಹುದು. ಜ್ವರ, ಕೀವು, ಕೈಕಾಲು ತಣ್ಣಗಾಗೋದು ಇದ್ದರೂ ಅಷ್ಟೇ. ತೊಡೆಯಿಂದ ಮಾಡಿಸಿಕೊಂಡವರಿಗೆ ಸೊಂಟದಲ್ಲೋ ಪಕ್ಕೆಯಲ್ಲೋ ಜೋರು ನೋವು, ಜೊತೆಗೆ ಬೆವರು, ತಲೆಸುತ್ತು ಬಂದರೆ ಅದನ್ನು ಗ್ಯಾಸ್ಟ್ರಿಕ್ ಅಂದುಕೊಳ್ಳಬೇಡಿ. ಹೊರಗೆ ಏನೂ ಕಾಣದೆ ಒಳಗೇ ರಕ್ತ ಸೋರ್ತಿರಬಹುದು.

ರಕ್ತ ಚಿಮ್ಮಿದರೆ ಮಲಗಿಸಿ. ಶುದ್ಧ ಬಟ್ಟೆಯ ಸಣ್ಣ ಮಡಿಕೆ ಇಟ್ಟು ಬೆರಳಲ್ಲಿ ಗಟ್ಟಿಯಾಗಿ ಒತ್ತಿ. ರಕ್ತನಾಳದ ತೂತು ಚರ್ಮದ ಗುರುತಿಗಿಂತ ಸ್ವಲ್ಪ ಮೇಲಿರುತ್ತೆ, ಹೃದಯದ ಕಡೆಗೆ, ಒತ್ತಡ ಅಲ್ಲಿ ಬೀಳಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಿಂತಿತಾ ಅಂತ ನಿಮಿಷಕ್ಕೊಂದು ಸಲ ಎತ್ತಿ ನೋಡಬೇಡಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಒಂದೇ ಸಮ ಹಿಡಿಯಿರಿ. ನಿಲ್ಲದಿದ್ದರೆ ಆಂಬುಲೆನ್ಸ್ ಬರುವ ತನಕವೂ ಬಿಡಬೇಡಿ.

ಇನ್ನೊಂದು. ಮುಂದಿನ ಚೆಕಪ್ಪಿಗೆ ಹೋದಾಗ ಆ ಮಣಿಕಟ್ಟಿನ ನಾಡಿ ಸಿಗ್ತಿದೆಯಾ ಅಂತ ಡಾಕ್ಟರ್ ಹತ್ತಿರ ಮುಟ್ಟಿಸಿ ನೋಡಿಸಿ. ಕೆಲವರಲ್ಲಿ ಆ ನಾಳ ಮುಚ್ಚಿಹೋಗಿರುತ್ತೆ, ಕಿರುಬೆರಳ ಕಡೆಯ ಇನ್ನೊಂದು ನಾಳ ಕೈಗೆ ರಕ್ತ ಕೊಡ್ತಿರೋದರಿಂದ ಅವರಿಗೆ ಗೊತ್ತೇ ಆಗಿರಲ್ಲ. ಮುಂದೆ ಮತ್ತೆ ಆಂಜಿಯೋಗ್ರಾಂ ಬಂದರೆ ಯಾವ ಕೈ ಅಂತ ಇದರ ಮೇಲೆ ತೀರ್ಮಾನ ಆಗಬಹುದು. ಯಾವ ಕೈ, ಎಷ್ಟು ಫ್ರೆಂಚ್ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಎಲ್ಲ ಹಾಳೆಗಳ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಫೈಲನ್ನು ಮೆಜೆಸ್ಟಿಕ್ ಬಸ್ಸಲ್ಲೇ ಬಿಟ್ಟು ಬಂದವರು ನನಗೆ ಒಬ್ಬಿಬ್ಬರಲ್ಲ ಸಿಕ್ಕಿರೋದು.