ತೂಕ ಇಳಿಸಲು ಪ್ರೋಬಯಾಟಿಕ್: ಕೊಳ್ಳುವ, ಕಾಪಿಡುವ, ಅಳೆಯುವ ಕ್ರಮ

ತೂಕ ಇಳಿಸುವುದಕ್ಕಾಗಿ ಪ್ರೋಬಯಾಟಿಕ್ (ದೇಹಕ್ಕೆ ಒಳಿತಾಗಲೆಂದು ಸೇವಿಸುವ ಜೀವಂತ ಸೂಕ್ಷ್ಮಾಣುಗಳು) ಡಬ್ಬಿ ಕೊಳ್ಳಲು ಹೊರಟವರು ಮೊದಲು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳಬೇಕು. ಅಧಿಕ ತೂಕದ 957 ಜನರನ್ನು ಒಳಗೊಂಡ 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 3ರಿಂದ 12 ವಾರ ಇವನ್ನು ಸೇವಿಸಿದವರ ತೂಕ ಉಳಿದವರಿಗಿಂತ ಸರಾಸರಿ 600 ಗ್ರಾಂನಷ್ಟು ಮಾತ್ರ ಹೆಚ್ಚು ಇಳಿದಿತ್ತು. ಒಂದು ತಂಬಿಗೆ ನೀರು ಕುಡಿದರೂ ತಕ್ಕಡಿ ಅಷ್ಟು ಏರುತ್ತದೆ. ಆದ್ದರಿಂದ ಇದನ್ನು ಹನ್ನೆರಡು ವಾರಗಳ ಸ್ವಂತ ಪರೀಕ್ಷೆಯೆಂದು ಭಾವಿಸಿ, ಅಳತೆಯಿಂದಲೇ ಆರಂಭಿಸುವುದು ಒಳ್ಳೆಯದು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕವನ್ನೂ, ಉಸಿರು ಬಿಟ್ಟು ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಭಾರತೀಯರಲ್ಲಿ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 23ರಿಂದಲೇ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸುತ್ತಾರೆ. 160 ಸೆಂಟಿಮೀಟರ್ ಎತ್ತರದ, 68 ಕಿಲೋ ತೂಕದವರ ಬಿಎಂಐ ಸುಮಾರು 26.6 ಆಗುತ್ತದೆ. ಸುತ್ತಳತೆಯು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು.

ಕೊಳ್ಳುವಾಗ ನೋಡಬೇಕಾದದ್ದು ಜಾಹೀರಾತನ್ನಲ್ಲ, ತಳಿಯ ಪೂರ್ಣ ಹೆಸರನ್ನು. ‘ಲ್ಯಾಕ್ಟೋಬ್ಯಾಸಿಲಸ್’ ಎಂದು ಬ್ಯಾಕ್ಟೀರಿಯಾ ಕುಲದ ಹೆಸರನ್ನಷ್ಟೇ ಬರೆದಿರುವ ಡಬ್ಬಿಯಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಜಾತಿಯ ಎರಡು ತಳಿಗಳು ಬೇರೆ ಬೇರೆಯಾಗಿ ವರ್ತಿಸಬಲ್ಲವು. ಜಪಾನಿನಲ್ಲಿ 87 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ 2055 ಎಂಬ ತಳಿಯಿದ್ದ ಹುದುಗಿಸಿದ ಹಾಲನ್ನು 12 ವಾರ ಸೇವಿಸಿದವರ ಹೊಟ್ಟೆಯೊಳಗಿನ ಕೊಬ್ಬಿನ ವಿಸ್ತೀರ್ಣ ಶೇ. 4.6, ತೂಕ ಶೇ. 1.4 ಇಳಿದಿತ್ತು, ಆ ಫಲವನ್ನು ಬೇರೆ ತಳಿಯ ಡಬ್ಬಿಗೆ ಆರೋಪಿಸುವುದು ನ್ಯಾಯವಲ್ಲ. ಜೀವಂತ ಸೂಕ್ಷ್ಮಾಣುಗಳ ಎಣಿಕೆಯಾದ ಸಿಎಫ್‌ಯು ತಯಾರಿಕೆಯ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂಬುದನ್ನೂ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ಪರಿಶೀಲಿಸಿ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕಾದದ್ದು ಬಿಸಿಲಿನ ವಿಷಯದಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುವಾಗ, ಬೈಕಿನ ಡಿಕ್ಕಿಯಲ್ಲಿಯೋ ತಗಡಿನ ಮನೆಯ ಗೂಡಿನಲ್ಲಿಯೋ ಬಿದ್ದಿರುವ ಗುಳಿಗೆಯೊಳಗಿನ ಲ್ಯಾಕ್ಟೋಬ್ಯಾಸಿಲಸ್‌ಗಳು ಬೇಗ ಸಾಯುತ್ತವೆ, ಆದರೆ ಗುಳಿಗೆಯ ಬಣ್ಣ, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. 2ರಿಂದ 8 ಡಿಗ್ರಿಯಲ್ಲಿಡಬೇಕೆಂದು ಬರೆದಿದ್ದರೆ ಅಂಗಡಿಯವರು ಅದನ್ನು ಫ್ರಿಜ್‌ನಿಂದಲೇ ತೆಗೆದುಕೊಡಬೇಕು. ಹೊರಗಿನ ಕಪಾಟಿನಿಂದ ಕೊಟ್ಟರೆ ಸಂಕೋಚವಿಲ್ಲದೆ ಮರಳಿಸಿ. ಬೀಜಕ ರೂಪದ, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ, ಬ್ಯಾಸಿಲಸ್ ಕೋಗುಲಾನ್ಸ್ ಎಂಬ ಬ್ಯಾಕ್ಟೀರಿಯಾ ಶಾಖವನ್ನು ಚೆನ್ನಾಗಿ ತಾಳುತ್ತದೆ, ಆದರೆ ತಾಳಿಕೆಯೇ ತೂಕ ಇಳಿಕೆಗೆ ಪುರಾವೆಯಲ್ಲ.

ದಿನವೂ ಒಂದೇ ಹೊತ್ತಿಗೆ, ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಸೇವಿಸಿ. ಪುಡಿಯನ್ನು ಬಿಸಿ ಚಹಾಕ್ಕೆ ಬೆರೆಸಬೇಡಿ. ಆಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡರ ನಡುವೆ ಕನಿಷ್ಠ ಎರಡು ತಾಸು ಬಿಡಿ. ಮೊದಲ ಕೆಲವು ದಿನ ಹೊಟ್ಟೆಯುಬ್ಬರ ಕಾಣಿಸಬಹುದು. ರೋಗನಿರೋಧಕ ಶಕ್ತಿ ಕುಂದಿದವರು, ಕೀಮೋಥೆರಪಿಯಲ್ಲಿರುವವರು, ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಮನೆಯ ಮೊಸರಿನ ಹೆಪ್ಪಿನಲ್ಲಿ ಯಾವ ತಳಿ, ಎಷ್ಟಿದೆ ಎಂದು ಹೇಳಲಾಗದು. ಹಾಗೆಂದು ಜೋಳದ ರೊಟ್ಟಿ, ಕಾಳಿನ ಪಲ್ಯ, ಅಗಸಿ ಹಿಂಡಿಯೊಡನೆ ನೀರುಮಜ್ಜಿಗೆ ಕುಡಿಯುವುದನ್ನು ಬಿಡಬೇಕಿಲ್ಲ. ಕಾಳು, ಅಗಸಿಯ ನಾರು ಕರುಳಿನ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತದೆ. ಗುಳಿಗೆ ನುಂಗಿದೆನೆಂಬ ಧೈರ್ಯದಲ್ಲಿ ಕರದಂಟಿನ ಎರಡನೆಯ ತುಂಡಿಗೆ ಕೈ ಹಾಕಿದರೆ ಆ 600 ಗ್ರಾಂ ಲೆಕ್ಕವೂ ಉಳಿಯದು.

ಪರೀಕ್ಷೆಯ ಅವಧಿಯಲ್ಲಿ ಊಟ, ನಡಿಗೆಗಳನ್ನು ಏಕರೀತಿಯಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಹನ್ನೆರಡನೆಯ ವಾರವೂ ಸೊಂಟದ ಅಳತೆ ಕದಲದಿದ್ದರೆ ಮುಂದಿನ ಡಬ್ಬಿ ಕೊಳ್ಳಬೇಡಿ. ಕದಲಿದರೂ ವರ್ಷದ ಖರ್ಚನ್ನು ಲೆಕ್ಕ ಹಾಕಿಯೇ ಮುಂದುವರಿಯಿರಿ: ಅದೇ ಜಪಾನಿ ತಳಿಯ ಮೇಲೆ 2013ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಸೇವನೆ ನಿಲ್ಲಿಸಿದ ನಾಲ್ಕು ವಾರಗಳಲ್ಲೇ ಲಾಭ ಕುಂದತೊಡಗಿತ್ತು.