ಕ್ಷಮಿಸು ಎಂಬ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ

ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೂ ನನಗೂ ಮಾತು ನಿಂತುಹೋಯಿತು. ಕಾರಣ ನಾಗಸಂದ್ರದ ಕಡೆಯ ಒಂದು ಸೈಟು. ನನಗೊಂದು ಮಾತೂ ಹೇಳದೆ ಅಣ್ಣ ಅದರ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಬೆಂಗಳೂರಲ್ಲಿ ಸೈಟು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆಗ ನಾನು ದಿನಾ ಪ್ರಾರ್ಥಿಸುತ್ತಿದ್ದೆ. ಜಾಸ್ತಿಯೇ ಪ್ರಾರ್ಥಿಸುತ್ತಿದ್ದೆ. ಆದರೆ ಕೇಳುತ್ತಿದ್ದದ್ದು ಒಂದೇ: ಕರ್ತನೇ, ನನ್ನ ಪಾಲು ನನಗೆ ಕೊಡಿಸು, ಅವನಿಗೆ ಬುದ್ಧಿ ಬರಲಿ. ಎದ್ದಾಗ ಮನಸ್ಸು ಮೊದಲಿಗಿಂತ ಬಿಸಿಯಾಗಿರುತ್ತಿತ್ತು.

ಒಂದು ಭಾನುವಾರ ಕಾರ್ಪೊರೇಷನ್ ಸರ್ಕಲ್ ಹತ್ತಿರದ ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆಗೆ ಕೂತಿದ್ದೆ. 1904ರ ಆ ಕಲ್ಲಿನ ಕಟ್ಟಡದಲ್ಲಿ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ, ಅಂದರೆ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ಹೇಳುವಾಗ ಅರ್ಧ ನಿಮಿಷವೂ ಆಗುವುದಿಲ್ಲ. ಚಿಕ್ಕಂದಿನಿಂದ ಬಾಯಿಪಾಠ. ಅವತ್ತು "ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬಲ್ಲಿಗೆ ಬಂದಾಗ ನನ್ನ ಬಾಯಿ ಕಟ್ಟಿತು. ಉಳಿದವರು ಆಮೆನ್ ಹೇಳಿ ಮುಗಿಸಿದ್ದರು.

ಮರುದಿನದಿಂದ ಪ್ರಾರ್ಥಿಸುವ ರೀತಿ ಬದಲಾಯಿಸಿದೆ. ಬೆಳಗ್ಗೆ ಐದಕ್ಕೆ ಏಳುತ್ತೇನೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ನಮ್ಮ ಬಾಡಿಗೆ ಮನೆಯಲ್ಲಿ ಮುಚ್ಚಿಕೊಳ್ಳಲು ಇನ್ನೊಂದು ಕೋಣೆ ಇಲ್ಲ. ತಾರಸಿಗೆ ಹೋಗಿ ನೀರಿನ ಟ್ಯಾಂಕ್ ಪಕ್ಕ ಕೂರುತ್ತೇನೆ. ಕಾವೇರಿ ನೀರು ಬರುವ ದಿನ ಮೋಟಾರ್ ಸದ್ದು ಇರುತ್ತದೆ, ಇರಲಿ.

ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಸಾಲು ಹೇಳುತ್ತೇನೆ. ಹೇಳಿ ಸುಮ್ನೆ ಇರುತ್ತೇನೆ. ಆ ಸಾಲು ನಿಜವಾಗಿ ನನ್ನ ಮಾತು ಅನ್ನಿಸುವ ತನಕ ಮುಂದಕ್ಕೆ ಹೋಗುವುದಿಲ್ಲ. ಹೀಗೆ ನಿಧಾನಿಸಿದಾಗಲೇ ಗಮನಿಸಿದ್ದು, ಇಡೀ ಪ್ರಾರ್ಥನೆಯಲ್ಲಿ 'ನನ್ನ' ಎಂಬ ಪದವೇ ಇಲ್ಲ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪು. ಆ 'ನಮ್ಮ'ದಲ್ಲಿ ಅಣ್ಣನೂ ಇದ್ದಾನೆ. ನಮ್ಮಿಬ್ಬರಿಗೂ ಒಬ್ಬನೇ ತಂದೆ ಎಂದು ದಿನಾ ಹೇಳುತ್ತಾ ಅವನ ಸೋಲು ಬೇಡುತ್ತಿದ್ದೆನಲ್ಲ ಎಂದು ತುಂಬಾ ಸಂಕಟವಾಯಿತು.

ಕ್ಷಮೆಯ ಸಾಲಿನಲ್ಲಿ ಮಾತ್ರ ಒಂದು ತಿಂಗಳಿಗಿಂತ ಹೆಚ್ಚು ನಿಂತೆ. ಬಿಟ್ಟು ಮುಂದೆ ಹೋಗೋಣ ಎಂದರೆ ಈ ಪ್ರಾರ್ಥನೆ ಇರುವ ಮತ್ತಾಯ 6ನೇ ಅಧ್ಯಾಯವೇ ಬಿಡುವುದಿಲ್ಲ. ಪ್ರಾರ್ಥನೆ ಕಲಿಸಿ ಮುಗಿಸಿದ ಕೂಡಲೇ, 14 ಮತ್ತು 15ನೇ ವಚನಗಳಲ್ಲಿ ಯೇಸು ಮತ್ತೆ ತೆಗೆದುಕೊಳ್ಳುವುದು ಅದೊಂದೇ ಸಾಲನ್ನು. ಬೇರೆ ಯಾವ ಸಾಲಿಗೂ ಅಲ್ಲಿ ವಿವರಣೆ ಕೊಡಲಿಲ್ಲ.

ಸಿಟ್ಟು ತಡೆಯಲಾಗದ ದಿನ ಬೈಬಲಿನ 13ನೇ ಕೀರ್ತನೆ ಓದುತ್ತಿದ್ದೆ. ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ 'ಇನ್ನೆಷ್ಟು ಕಾಲ' ಎಂದು ದೇವರನ್ನೇ ಕೇಳುತ್ತದೆ. ದೂರುವುದೂ ಪ್ರಾರ್ಥನೆಯೇ ಎಂದು ಅದು ನನಗೆ ಧೈರ್ಯ ಕೊಟ್ಟಿತು. ಒಳಗಿರುವುದನ್ನು ದೇವರ ಮುಂದೆ ಮುಚ್ಚಿಟ್ಟು ಬರೀ ಒಳ್ಳೆ ಮಾತು ಆಡಿದರೆ ಏನು ಪ್ರಯೋಜನ? ನಾವು ಬೇಡುವ ಮೊದಲೇ ನಮಗೇನು ಬೇಕು ಎಂದು ತಂದೆಗೆ ಗೊತ್ತು ಎಂದೂ ಅದೇ ಮತ್ತಾಯ 6ರಲ್ಲಿದೆ. ಹಾಗಾದರೆ ಪ್ರಾರ್ಥನೆ ಅವನಿಗೆ ಸುದ್ದಿ ಮುಟ್ಟಿಸುವುದಕ್ಕಲ್ಲ. ಅವನೆದುರು ಕೂತು ನಾನು ಬದಲಾಗುವುದಕ್ಕೆ. ಹಾಗೆಂದು ನಾನು ನಂಬುತ್ತೇನೆ.

ನನಗೊಂದು ಭಯವೂ ಇತ್ತು. ಕ್ಷಮಿಸಿದರೆ ಪಾಲು ಬಿಟ್ಟಂತೆಯೇ? ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಕೇಳಿದೆ. "ಪಾಲು ಕೇಳೋದು ಬೇರೆ, ದ್ವೇಷ ಇಟ್ಕೊಳ್ಳೋದು ಬೇರೆ ಕಣಮ್ಮಾ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ" ಎಂದರು.

ಆ ವರ್ಷ ಕ್ರಿಸ್ಮಸ್‌ಗೆ ಕರ್ಜಿಕಾಯಿ ಮಾಡುವಾಗ ಒಂದು ಡಬ್ಬಿ ಜಾಸ್ತಿ ತುಂಬಿದೆ. ಅಣ್ಣನ ಮನೆಗೆ ಹೋದೆ. ಬಾಗಿಲು ತೆಗೆದ ಅತ್ತಿಗೆ ಒಂದು ಕ್ಷಣ ಹಾಗೇ ನಿಂತುಬಿಟ್ಟರು. ಅಣ್ಣ ಹೊರಗೆ ಬಂದು, "ಮಂಡಿ ನೋವು ಹೇಗಿದೆ ನಿಂದು?" ಎಂದು ಕೇಳಿದ. ಕಾಫಿ ಕುಡಿದೆವು.

ಸೈಟಿನ ಮಾತು ಇನ್ನೂ ಆಗಬೇಕು. ಖಾತೆ ಇವತ್ತಿಗೂ ಅವನ ಹೆಸರಲ್ಲೇ ಇದೆ, ನಾನೂ ಕೇಳುವವಳೇ. ಬೆಳಗ್ಗೆ ತಾರಸಿಯಲ್ಲಿ ಆ ಸಾಲಿಗೆ ಬಂದಾಗ ಅವನ ಹೆಸರು ಸೇರಿಸಿ ಹೇಳುತ್ತೇನೆ. ಕೆಲವು ದಿನ ಎರಡು ಮೂರು ಸಲ ಹೇಳಬೇಕಾಗುತ್ತದೆ.