ಭಾವನ ಮನೆಯಲ್ಲೂ ಈಗ ಅಲಾರಂ ಬಡಿಯುತ್ತದೆ

ಮದ್ದಿನ ಆ್ಯಪ್ ಮಾಡುತ್ತೇನೆ ಎಂದಾಗ ಭಾವ ನಕ್ಕಿದ್ದರು. "ಇಲ್ಲಿ ರೇಂಜೇ ಇಲ್ಲ ಮಾರಾಯ, ಯಾರಿಗೆ ಕೊಡ್ತಿ?" ಈಗ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತ ಸುಮಾರು 140 ಮನೆಗಳಲ್ಲಿ ಅದು ದಿನಾ ಬಡಿಯುತ್ತದೆ. ಭಾವನ ಮನೆಯಲ್ಲೂ.

ಬಿಪಿ, ಶುಗರಿನ ಗುಳಿಗೆ ನೆನಪಿಸುವುದು, ಅಷ್ಟೇ ಕೆಲಸ. ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆಯಲ್ಲಿ ಮಾಡಿದ್ದು, ಮಾಹಿತಿ ಇಡಲು ಫೋನಿನಲ್ಲೇ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್. ಮೊದಲು ಸರ್ವರ್‌ನಿಂದ ನೋಟಿಫಿಕೇಶನ್ ಕಳಿಸುತ್ತಿದ್ದೆ. ರಾತ್ರಿ ಗುಳಿಗೆಯ ನೆನಪು ಮರುದಿನ ಅಜ್ಜ ಪೇಟೆಗೆ ಇಳಿದು ರೇಂಜ್ ಸಿಕ್ಕಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬರುತ್ತಿತ್ತು. ಆಮೇಲೆ ಎಸ್ಸೆಮ್ಮೆಸ್ ಎಂದು ಹೊರಟೆ. ಹೀಗೆ ಮೆಸೇಜ್ ಕಳಿಸುವವರು ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಗೇ ಆರು ಸಾವಿರದ ಹತ್ತಿರ ಹೋಯಿತು, ಕನ್ನಡದಲ್ಲಿ ಒಂದು ಮೆಸೇಜಿಗೆ 70 ಅಕ್ಷರ ಮಾತ್ರ ಹಿಡಿಯುವುದರಿಂದ ಒಂದು ನೆನಪಿಗೆ ಎರಡರ ದುಡ್ಡು, ಮತ್ತೆ ನೋಡಿದರೆ ಅಜ್ಜಂದಿರು ಮೆಸೇಜ್ ತೆರೆಯುವುದೇ ಇಲ್ಲ.

ಫೋನಿನೊಳಗೇ ಅಲಾರಂ ಇಟ್ಟರೆ ಆಯಿತಲ್ವಾ? ಅಲ್ಲೇ ಜಾಸ್ತಿ ಪೆಟ್ಟು ತಿಂದದ್ದು. ಎಂಟೊಂಬತ್ತು ಸಾವಿರದ ಫೋನುಗಳು ಬ್ಯಾಟರಿ ಉಳಿಸಲು ಆ್ಯಪ್ ಅನ್ನೇ ಕೊಂದು ಹಾಕುತ್ತವೆ. ಆಂಡ್ರಾಯ್ಡ್ 13ರಲ್ಲಿ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು, 14ರಲ್ಲಿ ಹೊತ್ತಿಗೆ ಸರಿಯಾಗಿ ಬಡಿಯಲು ಇನ್ನೊಂದು. ಮೂರು ತಿಂಗಳು ಒದ್ದಾಡಿ ಸೆಟ್‌ಅಲಾರ್ಮ್‌ಕ್ಲಾಕ್ ಹಿಡಿದೆ, ಗಡಿಯಾರದ ಅಲಾರಂ ಇಡಲು ಆಂಡ್ರಾಯ್ಡೇ ಕೊಡುವ ಆಜ್ಞೆ ಅದು. ಬ್ಯಾಟರಿ ಉಳಿಸಲು ಫೋನನ್ನು ಮಲಗಿಸುವ ಡೋಜ್ ಅದನ್ನು ಮುಟ್ಟುವುದಿಲ್ಲ. ಫೋನ್ ಆಫ್ ಆಗಿ ಆನ್ ಆದಾಗ ಎಲ್ಲ ಅಲಾರಂ ಮತ್ತೆ ಇಡಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಒಂದು ಕಂಪೆನಿಯ ಫೋನಿಗೆ ಇದೂ ಸಾಲಲಿಲ್ಲ. ಅದರ ಉಪಾಯ ಇಲ್ಲಿ ಹೇಳುವುದಿಲ್ಲ, ಆರು ವಾರ ನಿದ್ದೆ ಕೆಟ್ಟಿದ್ದೇನೆ.

ಪ್ಲೇ ಸ್ಟೋರಿಗೆ ಆ್ಯಪ್ ಹಾಕಲು ಕಟ್ಟುವ 25 ಡಾಲರ್ ದೊಡ್ಡದಲ್ಲ. ಆದರೆ ಹೊಸಬರು ಆಗ 20 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕಿತ್ತು, 2024ರ ಕೊನೆಗೆ ಅದು 12 ಜನಕ್ಕೆ ಇಳಿಯಿತು. ಗಲ್ಫಿನ ನಂಟರನ್ನೆಲ್ಲ ಸೇರಿಸಿದೆ. ಹನ್ನೊಂದನೇ ದಿನ ದುಬೈಯ ಇಬ್ಬರು ಪರೀಕ್ಷೆಯಿಂದ ಹೊರಗೆ ಹೋದರು. ಲೆಕ್ಕ ಮೊದಲಿನಿಂದ!

ನಡುವೆ ಫೋನಿನ ಕನ್ನಡ ಧ್ವನಿಯನ್ನೂ ಹಾಕಿ ನೋಡಿದೆ. "ಔಷಧಿ ಸೇವಿಸಿ" ಎಂದಿತು. ಪಕ್ಕದ ಮನೆಯ ಅಜ್ಜಿ ರೇಡಿಯೊ ಎಂದುಕೊಂಡು ಸುಮ್ನೆ ಕೂತಿದ್ದರು. ನಮ್ಮಲ್ಲಿ ಔಷಧಿ ಎಂದು ಯಾರು ಹೇಳುತ್ತಾರೆ? ಈಗ ಮನೆಯವರೇ ರೆಕಾರ್ಡ್ ಮಾಡುತ್ತಾರೆ, ಕನ್ನಡವೋ ತುಳುವೋ ಮಲಯಾಳವೋ ಅವರಿಷ್ಟ. ಪರದೆಯ ಮೇಲೂ "ಎಂಟು ಗಂಟೆ" ಇಲ್ಲ, "ಚಾ ಆದ ಮೇಲೆ" ಎಂದಿದೆ.

ಒಟ್ಟು ಖರ್ಚು ಎಂಬತ್ತು ಸಾವಿರ ಇರಬಹುದು. ಅದರಲ್ಲಿ ಹದಿನೆಂಟು ಸಾವಿರ ಬಿಪಿಯ ಬಣ್ಣದ ಗ್ರಾಫಿಗೆ. ಮಂಗಳೂರಿನ ಡಾಕ್ಟ್ರೊಬ್ಬರಿಗೆ ತೋರಿಸಿದರೆ "ಚೀಟಿಯಲ್ಲಿ ಬರೆದು ತನ್ನಿ" ಎಂದರು. ಗ್ರಾಫ್ ತೆಗೆದು ಚೀಟಿಯ ಹಾಗೆಯೇ ಕಾಣುವ ಒಂದು ಪುಟ ಮಾಡಿದೆ, ವಾಟ್ಸಾಪಿನಲ್ಲಿ ಕಳಿಸಬಹುದು. ಅದನ್ನು ನೋಡುತ್ತಾರೆ. ದುಡ್ಡು ಬರುವುದು ಎಂದರೆ ಎರಡು ಮದ್ದಿನಂಗಡಿಯವರು ತಿಂಗಳಿಗೆ ಕೊಡುವ ತಲಾ ಐನೂರು.

ಸ್ಟ್ರಿಪ್ ಮುಗಿಯುವ ಮೊದಲೇ ಹೇಳುವ ಲೆಕ್ಕ ಮಾತ್ರ ಇನ್ನೂ ತಪ್ಪುತ್ತಿದೆ. ಅರ್ಧ ಗುಳಿಗೆ ತಿನ್ನುವವರದ್ದನ್ನು ಸರಿ ಮಾಡಿದೆ, ಆದರೆ ಅಜ್ಜನ ಸ್ಟ್ರಿಪ್ಪಿನಿಂದ ಅಜ್ಜಿ ಎರಡು ಸಾಲ ತೆಗೆದುಕೊಂಡರೆ ಫೋನಿಗೆ ಹೇಗೆ ಗೊತ್ತಾಗಬೇಕು?